ಕುಕ್ಕರ್ ಸೀಟಿಯ ಶನಿದೇವರು

ನಮ್ಮ ಯಜಮಾನರ ಮನಸ್ಸಿನಲ್ಲಿ ಏನಿದೆ ಎಂಬುದನ್ನು ಅವರಿಗಿಂತ ಮೊದಲು ತಿಳಿದುಕೊಳ್ಳುತ್ತಿದ್ದವಳು ನಾನು! ಚಹಾ ಬೇಕೆಂದು ಅವರು ಕೆಮ್ಮುವ ಮೊದಲೇ ಒಲೆಯ ಮೇಲೆ ನೀರು ಇಟ್ಟಿರುತ್ತಿದ್ದೆ. ತಮಗೆ ಸಿಟ್ಟು ಬಂದಿದೆ ಎಂದು ಅವರಿಗೇ ಗೊತ್ತಾಗುವ ಮೊದಲು ನಾನು ಹಿತ್ತಿಲು ಸೇರಿರುತ್ತಿದ್ದೆ. ಅಂಥವಳಿಗೆ, ಅವರು ಮಾಡಿಟ್ಟು ಹೋದ ಒಂದು ಗೇಣಿನ ಕಬ್ಬಿಣದ ಗೊಂಬೆ ಏನೆಂದು ತಿಳಿಯುವುದಿಲ್ಲವೇ? ತಿಳಿದೇ ತೀರುತ್ತೇನೆ, ಯಾರನ್ನೂ ಕೇಳುವುದಿಲ್ಲ ಎಂದು ಅವರ ಫೋಟೋದ ಮುಂದೆ ನಿಂತು ಆಣೆ ಮಾಡಿದೆ! ಫೋಟೋದಲ್ಲಿ ಅವರು ನಗುತ್ತಿಲ್ಲ. ಆಧಾರ್ ಕಾರ್ಡಿಗೆ ತೆಗೆಸಿದ್ದನ್ನೇ ದೊಡ್ಡದು ಮಾಡಿಸಿದ್ದೇವೆ. ಗೋಡೆಗೆ ಬೇಕಾಗುತ್ತದೆ ಎಂದು ಮೊದಲೇ ಯಾರೂ ನಕ್ಕು ಫೋಟೋ ತೆಗೆಸಿಕೊಳ್ಳುವುದಿಲ್ಲವಲ್ಲ.

ಗೊಂಬೆ ಎಂದೆ. ಅದು ಗೊಂಬೆಯೂ ಅಲ್ಲ. ಕಣ್ಣಿಲ್ಲ, ಮೂಗಿಲ್ಲ, ಕೈಕಾಲು ಎಲ್ಲಿವೆಯೋ ದೇವರಿಗೇ ಗೊತ್ತು. ನಮ್ಮವರು ಸಿರುಗುಪ್ಪದ ಅಕ್ಕಿ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದರು. ನಡೆಯುವಾಗ ಕಣ್ಣು ಯಾವಾಗಲೂ ನೆಲದ ಮೇಲೆ. ದಾರಿಯಲ್ಲಿ ನಟ್ಟು, ವಾಷರು, ಎತ್ತಿನ ಲಾಳ, ಏನು ಕಂಡರೂ ಎತ್ತಿ ಜೇಬಿಗೆ ಹಾಕುವುದು. ಆ ಭಾರಕ್ಕೆ ಅವರ ಒಂದು ಜೇಬೂ ತೂತಿಲ್ಲದೆ ಉಳಿಯಲಿಲ್ಲ. ಮಿಲ್ಲಿನ ಕೆಲಸ ಬಿಟ್ಟ ಮೇಲೆ ಸಿರುಗುಪ್ಪದಲ್ಲೇ ಓಬಣ್ಣನ ವೆಲ್ಡಿಂಗ್ ಅಂಗಡಿಗೆ ಹೋಗಿ ಕೂತು, ಆ ಚೂರುಗಳನ್ನೆಲ್ಲ ಒಂದಕ್ಕೊಂದು ಜೋಡಿಸಿ ಏನೇನೋ ಮಾಡಿ ತರುತ್ತಿದ್ದರು. ನಮ್ಮ ಕುರುಗೋಡಿನ ಮನೆಯ ಕಿಟಕಿಯಲ್ಲಿ ಸಾಲಾಗಿ ಇಡುತ್ತಿದ್ದರು. ಕೊನೆಯದಾಗಿ ಮಾಡಿ ತಂದದ್ದು ಇದು.

"ಇದೇನ್ರಿ?" ಎಂದೆ.

"ನೀನ ಹೇಳು."

"ಕಾಗೇನು?"

"ಅಲ್ಲ."

"ಪಂಪ್‌ಸೆಟ್ಟೇನು?"

"ಅಲ್ಲ."

"ಮತ್ತೇನು ಮಣ್ಣು?"

"ಕುಂತು ನೋಡು. ತಿಳಿದಾಗ ನನಗ ಹೇಳು."

ಹೀಗೆಂದು ಚಹಾ ಕುಡಿದು ಮಲಗಿದರು. ನನಗೆ ತಿಳಿಯುವುದರೊಳಗೆ ಅವರೇ ಹೋದರು. ಉತ್ತರವನ್ನು ಜೇಬಿನಲ್ಲಿ ಇಟ್ಟುಕೊಂಡೇ ಹೋಗಿರಬೇಕು. ಆ ತೂತು ಜೇಬಿನಿಂದ ಜನ್ಮವೆಲ್ಲ ಸಾಮಾನು ಉದುರಿತು, ಇದೊಂದು ಮಾತ್ರ ಉದುರಲಿಲ್ಲ!

ಸಮಾಧಾನದಲ್ಲಿದ್ದಾಗ ಅವರಿಗೆ ನಾನು 'ಗುರುಬಸಿ'. ನಟ್ಟು ತಿರುಗಿಸುವ ಪಾನಾ ಸಿಗದೆ ಹೋದಾಗ 'ನನ್ನ ಪಾಲಿನ ಶನಿ'. ಪಾನಾ ದಿನಾಲೂ ಸಿಗುತ್ತಿರಲಿಲ್ಲ.

ಈಗ ಈ ಗೊಂಬೆಯ ಮಾತು ಯಾಕೆ ಬಂತೆಂದರೆ, ನನ್ನ ಸೊಸೆ ಸೌಂದರ್ಯ ಬಳ್ಳಾರಿಯ ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ದಿನಾ ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬರುತ್ತಾಳೆ. ಮಗ ಸಂಗಮೇಶ ಭತ್ತ ಕಟಾವಿನ ಮಷಿನ್ನಿನ ಜೊತೆ ಊರೂರು ತಿರುಗುತ್ತಾನೆ. ಹಾಗಾಗಿ ಮನೆಯಲ್ಲಿ ಜಗಳಕ್ಕೆ ನಾವಿಬ್ಬರೇ. ಒಂದು ಸಂಜೆ ಬಂದವಳೇ ಹೇಳಿದಳು:

"ಅತ್ತಿ, ಬಳ್ಳಾರ್ಯಾಗ ನಮ್ಮ ಗೆಳೆಯರೆಲ್ಲ ಸೇರಿ ಒಂದು ಪ್ರದರ್ಶನ ಇಡ್ತೀವಿ. ಬ್ಯಾಡಾದ ಕಬ್ಬಿಣದಾಗ ಮಾಡಿದ ಸಣ್ಣ ಸಣ್ಣ ಶಿಲ್ಪ ಮಾತ್ರ. ಮಾವಾರು ಕಡೀಕ ಮಾಡಿದ್ದನ್ನ ಇಡೋಣ."

"ಬ್ಯಾಡಾದ್ದು ಯಾವುದಬೇ? ಅದರಾಗ ನನ್ನ ಕುಕ್ಕರ್ ಸೀಟಿ ಐತಿ!"

"ಅದಕ್ಕೊಂದು ಹೆಸರು ಬೇಕ್ರಿ. ಮುಂದ ಚೀಟಿ ಇಡಬೇಕು. ಇಲ್ಲಾಂದ್ರ 'ಹೆಸರಿಲ್ಲ' ಅಂತ ಬರೀತೀನಿ. ಅಮೂರ್ತ ಶಿಲ್ಪಕ್ಕ ಹಂಗೂ ಬರೀತಾರ."

"ಹಂಗಂದ್ರ?"

"ಇದು ಇಂಥಾದ್ದ ಅಂತ ಇರಂಗಿಲ್ಲ. ನೋಡಿದೋರಿಗೆ ಏನ್ ಅನ್ನಿಸ್ತೈತೋ ಅದು."

"ನಿಮ್ಮ ಮಾವಾರು ಜನ್ಮದಾಗ 'ಇಂಥಾದ್ದು' ಅಂತ ಇಲ್ಲದ್ದನ್ನ ಮಾಡಿದೋರಲ್ಲ. ಬೋಲ್ಟಿಗೆ ತಕ್ಕ ನಟ್ಟು ಸಿಗದಿದ್ರ ಊಟ ಬಿಡೋ ಮನಷ್ಯಾ!"

"ಹಂಗಾರ ಸಿರುಗುಪ್ಪಕ್ಕ ಹೋಗಿ ಓಬಣ್ಣನ್ನ ಕೇಳ್ರಿ. ಅವರ ಅಂಗಡ್ಯಾಗ ಕುಂತು ಮಾಡಿದ್ದಲ್ಲ?"

ಇಲ್ಲಿಗೆ ನನ್ನ ಮೈ ಉರಿಯಿತು.

"ಸಂಸಾರ ಮಾಡಿದಾಕಿ ನಾನು! ನನ್ನ ಗಂಡನ ಮನಸಿನಾಗ ಏನಿತ್ತಪಾ ಅಂತ ವೆಲ್ಡಿಂಗ್‌ನೋರ ಹತ್ರ ಹೋಗಿ ಕೇಳ್ಲೇನು? ಊರು ಏನಂದೀತು!"

ಊರು ಏನೆಂದಿತು ಎಂಬುದನ್ನೇ ಈಗ ಹೇಳಲಿಕ್ಕೆ ಹೊರಟಿದ್ದೇನೆ.

ಮರುದಿನದಿಂದ ನನ್ನ ಪತ್ತೇದಾರಿಕೆ ಶುರುವಾಯಿತು. ಗೊಂಬೆಯನ್ನು ಮೊರದಲ್ಲಿ ಇಟ್ಟುಕೊಂಡು, ಕಟ್ಟೆಯ ಮೇಲೆ ಬಿಸಿಲಿಗೆ ಕೂತು, ಬೇಳೆಯಲ್ಲಿ ಕಲ್ಲು ಆರಿಸುವ ಹಾಗೆ ಒಂದೊಂದೇ ತುಂಡು ನೋಡಿದೆ. ಕೆಳಗೆ ಇದ್ದದ್ದು ಅವರ ಹಳೆಯ ಸೈಕಲ್ಲಿನ ಫ್ರೀವೀಲು. ಅದರ ಮೇಲೆ ಅಕ್ಕಪಕ್ಕ ಎರಡು ಬೇರಿಂಗು, ಮಿಲ್ಲಿನವು. ಅವುಗಳ ಹಿಂದಿನಿಂದ ಬಾಗಿಕೊಂಡು ಎದ್ದದ್ದು ನಮ್ಮ ಬಚ್ಚಲ ಬಾಗಿಲಿನ ಚಿಲಕ. ನಡುವೆ ನನ್ನ ಹೊಲಿಗೆ ಮಷಿನ್ನಿನ ಬಾಬಿನ್ ಕೇಸು. ಪಕ್ಕಕ್ಕೆ ಚಾಚಿಕೊಂಡದ್ದು ಟ್ರಂಕಿನ ಬೀಗದ ಕೈ. ಎಲ್ಲಕ್ಕಿಂತ ಮೇಲೆ, ಸಿಂಹಾಸನ ಏರಿದ ಹಾಗೆ, ನನ್ನ ಕುಕ್ಕರಿನ ಸೀಟಿ! ನಲ್ಲಿಯ ಪೈಪು ಸೋರಿದರೆ ಮೆತ್ತುತ್ತಾರಲ್ಲ, ಆ ಅಂಟಿನಿಂದ ಎಲ್ಲವನ್ನೂ ಹಿಡಿಸಿದ್ದರು.

ಇದರಲ್ಲಿ ಒಂದೊಂದಕ್ಕೂ ನಾನು ಮನೆಯೆಲ್ಲ ಹುಡುಕಾಡಿದವಳು. ಸೀಟಿಗಾಗಿ ಹಿಟ್ಟಿನ ಡಬ್ಬಿ ಬೋರಲು ಹಾಕಿದವಳು. ಚಿಲಕ ಹೋದ ದಿನ ಬೆಕ್ಕಿನ ಮೇಲೆ ಸಂಶಯಪಟ್ಟವಳು! ಅವರೋ, ನನ್ನ ಜೊತೆ ತಾವೂ ಮಂಚದ ಕೆಳಗೆ ಬಗ್ಗಿ, "ಇಲ್ಲೂ ಇಲ್ಲಲ್ಲ ಗುರುಬಸಿ" ಎಂದು ಮರುಗಿದವರು!

ಅಂತೂ ತುಂಡು ತುಂಡೂ ನನಗೆ ಗೊತ್ತು. ಇಡಿಯಾಗಿ ಏನೆಂದು ಗೊತ್ತಿಲ್ಲ. ಅಕ್ಕಿ ಯಾವುದು, ಬೇಳೆ ಯಾವುದು, ಉಪ್ಪು ಎಷ್ಟು ಎಲ್ಲ ಹೇಳಬಲ್ಲೆ. ಅಡುಗೆ ಯಾವುದೆಂದು ಮಾತ್ರ ಕೇಳಬೇಡಿ! ತಿರುಗಿಸಿ ನೋಡುವಾಗ ಬೇರಿಂಗು 'ಕಿರ್' ಎಂದಿತು. ಸಾಕೆಂದು ಎದ್ದರೆ ನನ್ನ ಮೊಣಕಾಲೂ 'ಕಿರ್' ಎಂದಿತು. ಇಬ್ಬರಿಗೂ ಎಣ್ಣೆ ಬೇಕು ಎಂದುಕೊಂಡೆ. ಹಾಳಾದದ್ದು ಅಲ್ಲಿಂದಲೇ.

ನಮ್ಮವರು ಪ್ರತಿ ಅಮಾವಾಸ್ಯೆಗೆ ತಮ್ಮ ಸಾಮಾನಿನ ಪೆಟ್ಟಿಗೆಗೆ ವಿಭೂತಿ ಹಚ್ಚಿ ಪೂಜೆ ಮಾಡುತ್ತಿದ್ದರು. ಪೆಟ್ಟಿಗೆಯನ್ನು ಮಗ ಮಷಿನ್ನಿನ ಕೆಲಸಕ್ಕೆ ಒಯ್ದಿದ್ದಾನೆ. ಅವರ ಕೈ ಮುಟ್ಟಿದ ಕಬ್ಬಿಣವೆಂದರೆ ಮನೆಯಲ್ಲಿ ಉಳಿದದ್ದು ಕಿಟಕಿಯ ಈ ಗೊಂಬೆಗಳೇ. ಅಮಾವಾಸ್ಯೆ ಬಂತು. ನೋಡಿದರೆ ಈ ಕೊನೆಯದಕ್ಕೆ ತುಕ್ಕು ಹತ್ತುತ್ತಿದೆ. ಮಷಿನ್ ಎಣ್ಣೆಯ ಡಬ್ಬಿ ಬತ್ತಿದೆ. ದೀಪಕ್ಕೆ ತಂದ ಎಳ್ಳೆಣ್ಣೆಯನ್ನೇ ಬಟ್ಟೆಯಲ್ಲಿ ಅದ್ದಿ, ಸಂದಿ ಸಂದಿಗೂ ಕುಡಿಸಿ, ವಿಭೂತಿ ಎಳೆದು, ಒಂದು ಕಣಗಿಲೆ ಹೂವು ಸಿಕ್ಕಿಸಿ, ಎಣ್ಣೆ ಇಳಿಯಲಿ ಎಂದು ಕಟ್ಟೆಯ ಮೇಲೆ ಬಿಸಿಲಿಗಿಟ್ಟೆ. ಅಂದು ಅಮಾವಾಸ್ಯೆ ಎಂದು ನನಗೆ ಗೊತ್ತಿತ್ತು. ಶನಿವಾರ ಎಂದೂ ಗೊತ್ತಿತ್ತು. ಎರಡೂ ಒಂದೇ ದಿನ ಬಂದಿವೆ ಎಂಬುದು ಮಾತ್ರ ಹೊಳೆಯಲಿಲ್ಲ!

ಪಕ್ಕದ ಮನೆಯ ಸಾವಂತ್ರಮ್ಮ ಬಟ್ಟಲು ಹಿಡಿದು ಬಂದಳು.

"ಗುರುಬಸಕ್ಕ, ಒಂಚೂರು ಹೆಪ್ಪು ಕೊಡ..." ಎಂದವಳ ಮಾತು ಅಲ್ಲೇ ನಿಂತಿತು. ಮೆಟ್ಟು ಕಳಚಿದಳು. ಸೆರಗು ಹೊದ್ದಳು.

"ಯಕ್ಕಾ, ಇದು ಯಾವಾಗ ಬಂತು?"

"ಏನು ಬಂತು?"

"ಶನಿಮಾತ್ಮ!"

"ಅಯ್ಯ, ಸುಮ್ನಿರಬೇ. ಅದು ನಮ್ಮ..."

"ಕರ್ರಗೈತಿ. ಕಬ್ಬಿಣೈತಿ. ಎಳ್ಳೆಣ್ಣಿ ಕುಡ್ದೈತಿ. ಶನಿ ಅಮಾಸಿ ದಿನ ಬಿಸಿಲಾಗ ಕುಂತೈತಿ. ಶನಿಮಾತ್ಮ ಅಲ್ಲಂದ್ರ ಮತ್ತೇನು, ನಿಮ್ಮ ಸೋದರಮಾವೇನು?"

ಅಲ್ಲ ಎನ್ನಲು ಬಾಯಿ ತೆರೆದೆ. 'ಅಲ್ಲ' ಎಂದರೆ 'ಮತ್ತೇನು' ಎಂದು ಕೇಳುತ್ತಾಳೆ. ಏನೆಂದು ಹೇಳಲಿ? 'ನನ್ನ ಗಂಡ ಮಾಡಿದ್ದು, ನನಗೇ ತಿಳಿದಿಲ್ಲ' ಎನ್ನಲೇ? ಅದೂ ಸಾವಂತ್ರಮ್ಮನ ಮುಂದೆ? ಬಾಯಿ ಮುಚ್ಚಿಕೊಂಡು ಹೆಪ್ಪು ಕೊಟ್ಟು ಕಳಿಸಿದೆ. ಅವಳ ಮನೆಯ ಹಾಲಿಗಿಂತ ಮೊದಲು ಶನಿಮಾತ್ಮನ ಸುದ್ದಿ ನಮ್ಮ ಓಣಿಯಲ್ಲಿ ಹೆಪ್ಪುಗಟ್ಟಿತು!

ಮುಂದಿನ ಶನಿವಾರ ಬಾಗಿಲು ತೆಗೆದರೆ ಕಟ್ಟೆಯ ತುಂಬ ಹೆಂಗಸರು, ಕೈಕೈಯಲ್ಲಿ ಎಣ್ಣೆ ಬಟ್ಟಲು! ಅಷ್ಟು ದೊಡ್ಡ ಬಸವಣ್ಣ ಕುಳಿತ ಊರು ನಮ್ಮದು. ಅವನ ನೆರಳಲ್ಲೇ ಹುಟ್ಟಿ ಬೆಳೆದ ಮನೆತನ. ನಮ್ಮ ಕಟ್ಟೆಗೆ ಶನಿದೇವರು! ಅದರ ಮುಂದಿನ ಶನಿವಾರ ಗಂಡಸರೂ ಬಂದರು. ಗಾದಿಲಿಂಗಪ್ಪನ ಟ್ರ್ಯಾಕ್ಟರ್ ಕೆಟ್ಟು ನಿಂತಿತ್ತು. ಕೈ ಮುಗಿದು ಹೋದ, ಶುರುವಾಯಿತು. ನಡುವೆ ಅವನು ಡೀಸೆಲ್ ಹಾಕಿಸಿದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಹರಕೆಯೆಂದು ಟ್ರ್ಯಾಕ್ಟರಿನ ಒಂದು ನಟ್ಟು ತಂದು ಗೊಂಬೆಗೆ ತಂತಿಯಿಂದ ಬಿಗಿದ. ಅವನನ್ನು ನೋಡಿ ಒಬ್ಬರು ಮುರಿದ ಕುಡುಗೋಲು ಕಟ್ಟಿದರು, ಇನ್ನೊಬ್ಬರು ಮೊಳೆ ಕಟ್ಟಿದರು, ಮತ್ತೊಬ್ಬರು ಲಾಳ. ಗೇಣು ಇದ್ದ ದೇವರು ಮೊಳ ಆದರು!

ಯಾಕೆ ತಡೆಯಲಿಲ್ಲ ಎಂದು ನೀವು ಕೇಳಬಹುದು. ಸೌಂದರ್ಯಳೂ ಕೇಳಿದಳು. ಅವಳಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ. ಮಣ್ಣಿಗೆ ಬಂದವರು ಬಂದರು, ದಿನದ ಊಟ ಉಂಡವರು ಉಂಡರು. ಅದಾದ ಮೇಲೆ ಆ ಕಟ್ಟೆಯ ಮೇಲೆ ಯಾರೂ ಕೂತಿರಲಿಲ್ಲ. ಒಳಗೆ ಸದ್ದಿಲ್ಲ. ಹಳೆಯ ಸೀಟಿ ಹೋದ ಮೇಲೆ ತಂದ ಹೊಸದು ಕುಕ್ಕರಿಗೆ ಸರಿಯಾಗಿ ಕೂರುವುದಿಲ್ಲ; ಅದೂ ಕೂಗುವುದಿಲ್ಲ, 'ಸುಸ್' ಎಂದು ಉಸಿರು ಬಿಡುತ್ತದೆ, ಅಷ್ಟೇ. ಅಂಥಲ್ಲಿ ಶನಿವಾರವಾದರೆ ನಾಲ್ಕು ಜನ ಬಂದು ಕೂತು ಮಾತಾಡುತ್ತಿದ್ದರು. ಶನಿ ಯಾರಿಗೆ ಬೇಡವಾದವನೋ ನನಗೆ ಗೊತ್ತಿಲ್ಲ. ನನ್ನ ಮನೆಗೆ ಅವನು ಜನ ತಂದ.

ಇನ್ನೊಂದು ಆಸೆಯೂ ಇತ್ತು. ಇಷ್ಟು ಜನ ನೋಡುತ್ತಾರೆ, ಯಾರಾದರೂ ಬಾಯಿ ತಪ್ಪಿ ಸರಿಯಾದದ್ದು ಹೇಳಿಯಾರು ಎಂದು.

"ಸಾವಂತ್ರಿ, ಚೆಂದಾಗಿ ನೋಡಿ ಹೇಳಬೇ. ಇದು ಹೆಂಗ ಕಾಣ್ತೈತಿ ನಿನಗ?"

"ಕಣ್ಣು ಮಾರಿ ಇಲ್ಲ, ಆದ್ರೂ ಬೈದಂಗ ಕಾಣ್ತೈತಿ ಯಕ್ಕಾ. ಕಾಲು ಮಡಚಿ ಕುಂತು ಯಾರನ್ನೋ ಕಾಯಾಕ ಹತ್ತೈತಿ. ಶನಿಮಾತ್ಮ ಹಿಂಗ ನೋಡು, ಯಾರ ಹೆಗಲು ಏರ್ಲಿ ಅಂತ ಕಾಯ್ತಿರ್ತಾನ!"

ಪ್ರದರ್ಶನ ಹತ್ತಿರ ಬಂತು. ಸೌಂದರ್ಯ ಬಸ್ಸಿಳಿದು ಬಂದು, ಕಟ್ಟೆಯ ಮುಂದೆ ಬ್ಯಾಗು ಇಟ್ಟು ನಿಂತಳು. ಎಣ್ಣೆ ಕಟ್ಟೆಯಿಂದ ಇಳಿದು ಬೀದಿ ಸೇರಿತ್ತು. ನಾಯಿ ನೆಕ್ಕುತ್ತಿತ್ತು.

"ಅತ್ತಿ, ಇದು ಮಾವಾರು ಮಾಡಿದ ಶಿಲ್ಪ, ಎಣ್ಣಿ ಗಾಣ ಅಲ್ಲ! ಶನಿವಾರ ಮುಂಜಾನಿ ಬಳ್ಳಾರಿಗೆ ಒಯ್ಯಬೇಕು."

"ಒಯ್ಯಿ. ಬ್ಯಾಡಂದ್ನೇನು?"

"ಇದನ್ನೇನ್ರಿ ಒಯ್ಯೋದು? ಇದರಾಗ ಮಾವಾರು ಎಲ್ಲದಾರ? ಹುಡುಕಿ ಕೊಡ್ರಿ ನೋಡೋಣ!"

ನಾನು ನಾಯಿಯನ್ನು ಓಡಿಸಿದೆ.

ಶುಕ್ರವಾರ ಬೆಳಿಗ್ಗೆ ಅವಳು ಬಸ್ಸಿಗೆ ಹೋದ ಮೇಲೆ ದೇವರನ್ನು ಬಚ್ಚಲಿಗೆ ಒಯ್ದೆ. ಒಂದೊಂದೇ ತಂತಿ ಬಿಚ್ಚಿದೆ. ಯಾವುದು ನಮ್ಮವರದು, ಯಾವುದು ಹರಕೆಯದು ಎಂದು ನನಗೆ ಹೇಳಿಕೊಡಬೇಕೇ? ನಟ್ಟು, ಮೊಳೆ, ಲಾಳ, ಕುಡುಗೋಲು ಎಲ್ಲ ಬೇರೆ ಬುಟ್ಟಿಗೆ ಬಿದ್ದವು. ಅಡಿಯಲ್ಲಿ ನಮ್ಮದೇ ಗೇಣಿನ ಗೊಂಬೆ ಉಳಿಯಿತು, ಅಂಟಂಟಾಗಿ, ಕರ್ರಗೆ. ಬಿಸಿನೀರು ಹಾಕಿದೆ, ಸೋಪಿನ ಪುಡಿ ಹಾಕಿದೆ, ತೆಂಗಿನ ನಾರಿನಿಂದ ತಿಕ್ಕಿದೆ. ಹೊಳಪು ಬಂತು. "ನೋಡ್ರಿ, ಹೆಂಗ ತೊಳದೀನಿ!" ಎಂದು ಬಚ್ಚಲಿನಿಂದಲೇ ಫೋಟೋದ ಕಡೆಗೆ ಎತ್ತಿ ತೋರಿಸಿದೆ.

ಎಣ್ಣೆ, ಮೇಲೆ ಸೋಪು. ಕೈ ಜಾರಿತು! ಬಟ್ಟೆ ಒಗೆಯುವ ಬಂಡೆಯ ಮೇಲೆ 'ಝಣ್' ಎಂದು ಬಿತ್ತು. ಬೇರಿಂಗು ಒಂದು ಕಡೆ, ಚಿಲಕ ಒಂದು ಕಡೆ. ಸೀಟಿ ಉರುಳಿ ಉರುಳಿ ಮೋರಿಯೊಳಗೆ ಹೋಯಿತು. ಸೌಟಿನಿಂದ ಎತ್ತಿ ತೆಗೆದೆ.

ಆಮೇಲೆ ಅಲ್ಲೇ ಒದ್ದೆಯಲ್ಲಿ ಕೂತೆ. ಅವರು ಹೋದ ದಿನವೂ ನಾನು ಹಾಗೆ ಕೂತಿರಲಿಲ್ಲ. ಆ ದಿನ ಬಂದವರಿಗೆ ನೀರು ಕೊಡುವ ಕೆಲಸವಿತ್ತು.

ಜೋಡಿಸಲು ನೋಡಿದೆ. ಯಾವುದರ ಮೇಲೆ ಯಾವುದು ಎಂದು ಗೊತ್ತು. ಯಾವುದು ಎಷ್ಟು ಬಾಗಿತ್ತು ಎಂದು ಗೊತ್ತಿಲ್ಲ. ನೆಟ್ಟಗೆ ನಿಲ್ಲಿಸಿದರೆ ನಲ್ಲಿಯ ಹಾಗೆ ಕಂಡಿತು. ಓರೆ ಮಾಡಿದರೆ ಕುಡಿದವನ ಹಾಗೆ. ಆಣೆ, ಮರ್ಯಾದೆ ಎರಡನ್ನೂ ಬಚ್ಚಲಲ್ಲೇ ಬಿಟ್ಟು, ತುಂಡುಗಳನ್ನು ಊಟದ ಡಬ್ಬಿಗೆ ಹಾಕಿಕೊಂಡು ಸಿರುಗುಪ್ಪದ ಬಸ್ಸು ಹತ್ತಿದೆ.

ಬಸ್ಸು ಕುಣಿದಂತೆಲ್ಲ ಡಬ್ಬಿ ಗಲಗಲ ಎಂದಿತು. ಪಕ್ಕದಲ್ಲಿ ಕೂತವರು, "ಏನೈತ್ರಿ ಅಮ್ಮಾ ಡಬ್ಬ್ಯಾಗ?" ಎಂದರು.

ನನಗೆ ಮಾತಾಡುವ ಮನಸ್ಸಿರಲಿಲ್ಲ. "ಶನಿಮಾತ್ಮ" ಎಂದೆ.

ಅವರು ಎದ್ದು ಹಿಂದಿನ ಸೀಟಿಗೆ ಹೋದರು.

ಓಬಣ್ಣನ ಅಂಗಡಿಯಲ್ಲಿ ಬೇವಿನ ಗಿಡದ ಕೆಳಗೆ ನಮ್ಮವರು ಕೂರುತ್ತಿದ್ದ ಸ್ಟೂಲು ಹಾಗೆಯೇ ಇತ್ತು. ಅದರ ಮೇಲೆ ಯಾರೂ ಸಾಮಾನು ಇಟ್ಟಿರಲಿಲ್ಲ.

"ಬರ್ರಿ ಅಕ್ಕಾರ. ತಿಪ್ಪೇರುದ್ರಪ್ಪಣ್ಣ ಹೋದಮ್ಯಾಲ ಈ ಕಡಿ ಬರಲೇ ಇಲ್ಲ ನೀವು."

ನಾನು ಬಾಯಿಬಿಟ್ಟು ಹೇಳದ ಹೆಸರನ್ನು ಓಬಣ್ಣ ಅಷ್ಟು ಸಲೀಸಾಗಿ ಹೇಳಿದರು. ಡಬ್ಬಿಯನ್ನು ಅವರ ಮುಂದೆ ತೆರೆದಿಟ್ಟೆ. ಒಳಗೆ ನೋಡಿದರು. ಹೇಗೆ ಬಿತ್ತು, ಯಾಕೆ ಬಿತ್ತು, ಒಂದನ್ನೂ ಕೇಳಲಿಲ್ಲ. ಫ್ರೀವೀಲು ತೆಗೆದು ಮೇಜಿನ ಮೇಲಿಟ್ಟರು.

"ಅಕ್ಕಾರ, ಸ್ಟೂಲ್ ಮ್ಯಾಲ ಬ್ಯಾಡ, ಕೆಳಗ ಕುಂದರ್ರಿ. ಮನ್ಯಾಗ ಬ್ಯಾಳಿ ಆರಿಸಾಕ ಕುಂದರ್ತೀರಲ್ಲ, ಹಂಗ."

"ಯಾಕಪಾ?"

"ಕುಂದರ್ರಿ, ಹೇಳ್ತೀನಿ. ಅಲುಗಾಡಬ್ಯಾಡ್ರಿ."

ಕೂತೆ. ಮೊಣಕಾಲು 'ಕಿರ್' ಎಂದವು. ಓಬಣ್ಣ ನನ್ನನ್ನೊಮ್ಮೆ ನೋಡಿ ಬೇರಿಂಗು ಇಟ್ಟರು. ಮತ್ತೊಮ್ಮೆ ನೋಡಿ ಚಿಲಕ ಹಿಡಿದರು, ಸ್ವಲ್ಪ ಬಾಗಿಸಿದರು, ಮತ್ತೆ ನೋಡಿದರು.

"ತಲಿ ಒಂಚೂರು ಬಗ್ಗಿಸ್ರಿ. ಏನೋ ಕಳಕಂಡು ಹುಡುಕಾಕ ಹತ್ತೀರಿ ಅನ್ಕರಿ."

"ಓಬಣ್ಣ! ನನ್ನೇನು ನೋಡ್ತೀರಿ? ಕ್ಯಾಲಸ ನೋಡ್ರಿ!"

"ನಿಮ್ಮನ್ನ ನೋಡದ ಹೆಂಗ ಹಚ್ಚಲ್ರಿ? ಇದು ನೀವಲ್ಲೇನು?"

ನಾನು ಬಗ್ಗಿಸಿದ್ದ ತಲೆ ಎತ್ತಿದೆ. ಓಬಣ್ಣ ಕೈ ನಿಲ್ಲಿಸಿದರು.

"ಅಣ್ಣ ನಿಮಗ ಹೇಳಿಲ್ಲೇನ್ರಿ?"

ಆಗ ನೋಡಿದೆ. ಎರಡು ಬೇರಿಂಗು, ನನ್ನ ಮೊಣಕಾಲು. ಬಾಗಿದ ಚಿಲಕ, ನನ್ನ ಬೆನ್ನು. ಬೀಗದ ಕೈ, ಮೊರದ ಕಡೆಗೆ ಚಾಚಿದ ನನ್ನ ಕೈ. ಮತ್ತೆ ತಲೆ?

"ಸೀಟಿ ಯಾಕಪಾ ತಲಿ ಜಾಗಕ್ಕ?"

"ನಾನೂ ಕೇಳಿದೆ. 'ಹಬಿ ಏರಿದ್ರ ಕೂಗ್ತಾಳ ಓಬಣ್ಣ. ಕೂಗ್ಲಿ ಬಿಡು, ಆಕಿ ಕೂಗಿದ ಮನ್ಯಾಗ ಅನ್ನ ಸೀಯಂಗಿಲ್ಲ' ಅಂದ್ರು ಅಣ್ಣ. ನಾ ಅಂದೆ, ವೆಲ್ಡಿಂಗ್ ಹಾಕಿ ಕೊಡ್ತೀನಿ, ಗಟ್ಟಿ ಇರ್ತೈತಿ ಅಂತ. ಬ್ಯಾಡ ಅಂದ್ರು. 'ಸೀಟಿ ವಾಪಸ್ ತಾ ಅಂತ ಜಗಳ ತಗೀತಾಳ. ಬಿಚ್ಚಿ ಕೊಡಂಗಿರ್ಲಿ' ಅಂದ್ರು."

ಬೇವಿನ ಎಲೆ ಒಂದೆರಡು ಸ್ಟೂಲಿನ ಮೇಲೆ ಬಿದ್ದವು. ಓಬಣ್ಣ ಸೀಟಿಯನ್ನು ಹಿಡಿದುಕೊಂಡು ಕಾಯುತ್ತಿದ್ದರು.

"ಈಗ ಹೆಂಗ್ರಿ ಅಕ್ಕಾರ? ಅಂಟು ಹಚ್ಚಲೇನು, ವೆಲ್ಡಿಂಗ್ ಹಾಕಲೇನು?"

"ವೆಲ್ಡಿಂಗ್ ಹಾಕ್ರಿ. ಸೀಟಿ ಬ್ಯಾಡ ನನಗ."

"ಕಣ್ಣು ಮುಚ್ಕರಿ. ಬೆಳಕು ನೋಡಬ್ಯಾಡ್ರಿ."

ಮುಚ್ಚಿಕೊಂಡೆ. ವೆಲ್ಡಿಂಗ್ ಬೆಳಕಿಗೆ ಕಣ್ಣಲ್ಲಿ ನೀರು ಬರುತ್ತದೆ. ಎಲ್ಲರಿಗೂ ಬರುತ್ತದೆ.

ತಿರುಗಿ ಬರುವ ಬಸ್ಸಿನಲ್ಲಿ, ತೊಡೆಯ ಮೇಲೆ ನನ್ನನ್ನೇ ಕೂರಿಸಿಕೊಂಡು ಬರುವಾಗ, ಇನ್ನೊಂದು ವಿಷಯ ತಲೆಗೆ ಹೊಳೆಯಿತು. ಅಯ್ಯೋ ಶಿವನೇ! ಇಷ್ಟು ಶನಿವಾರ ಓಣಿಯ ಜನ ಎಣ್ಣೆ ಹೊಯ್ದದ್ದು ಯಾರಿಗೆ? ಮುಖ ಇಲ್ಲದಿದ್ದರೂ ಬೈದಂತೆ ಕಾಣುತ್ತದೆ ಎಂದು ಸಾವಂತ್ರಮ್ಮ ಹೇಳಿದ್ದು ಯಾರನ್ನು? ಗಾದಿಲಿಂಗಪ್ಪ ನಟ್ಟು ಬಿಗಿದದ್ದು ಯಾರ ಕುತ್ತಿಗೆಗೆ? 'ನನ್ನ ಪಾಲಿನ ಶನಿ' ಎಂದು ಅವರೊಬ್ಬರೇ ಕರೆಯುತ್ತಿದ್ದರು. ಈಗ ಊರೇ ಒಪ್ಪಿ ಪೂಜೆ ಮಾಡಿತು! ಗಂಡನ ಮನಸ್ಸನ್ನು ಅವರಿಗಿಂತ ಮೊದಲು ತಿಳಿಯುತ್ತಿದ್ದ ಮಹಾತಾಯಿ ನಾನು. ಎದುರಿಗಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರೂ ನನ್ನ ಗುರುತು ನನಗೇ ಹತ್ತಲಿಲ್ಲ. ಅವರು ಮಾತ್ರ, ಕಣ್ಣು ಯಾವಾಗಲೂ ನೆಲದ ಮೇಲಿದ್ದ ಮನುಷ್ಯ, ಇಷ್ಟನ್ನು ಯಾವಾಗ ನೋಡಿದರೋ!

ಮನೆಗೆ ಬಂದು ಫೋಟೋದ ಮುಂದೆ ನಿಂತೆ. "ತಿಳೀತ್ರಿ" ಎಂದೆ. ತಿಳಿದಾಗ ಹೇಳು ಎಂದಿದ್ದರಲ್ಲ.

ಸಂಜೆ ಸೌಂದರ್ಯ ಗೊಂಬೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಬೆಸುಗೆ ನೋಡಿದಳು. ಬಯ್ಯಲಿಲ್ಲ.

"ಹೆಸರು ಏನ್ ಬರೀಲಿ ಅತ್ತಿ?"

"'ಹೆಸರಿಲ್ಲ' ಅಂತನ ಬರಿ."

"ಅಂದ್ರ ಕಡೀಗೂ ಗೊತ್ತಾಗ್ಲಿಲ್ಲೇನು ನಿಮಗ?"

"ಗೊತ್ತಾತು. ಅದಕ್ಕ ಬ್ಯಾಡಂತೀನಿ."

ಶನಿವಾರ ಬೆಳಿಗ್ಗೆ ಗೊಂಬೆ ಬಟ್ಟೆ ಸುತ್ತಿಕೊಂಡು ಬಳ್ಳಾರಿಯ ಬಸ್ಸು ಹತ್ತಿತು. ಸಂಜೆಗೆ ಮೊರ ತೆಗೆದುಕೊಂಡು, ಅದು ಕೂರುತ್ತಿದ್ದ ಜಾಗದಲ್ಲೇ ಕಾಲು ಮಡಚಿ ಬೇಳೆ ಆರಿಸುತ್ತ ಕೂತೆ. ಕಟ್ಟೆಗೆ ಎಣ್ಣೆಯ ಕಲೆ ಹಾಗೆಯೇ ಇತ್ತು. ಎಲ್ಲರಿಗಿಂತ ಮೊದಲು ಸಾವಂತ್ರಮ್ಮ ಬಂದಳು, ಬಟ್ಟಲ ತುಂಬ ಎಳ್ಳೆಣ್ಣೆ ತಂದಿದ್ದಳು.

"ಯಕ್ಕಾ! ಶನಿಮಾತ್ಮ ಎಲ್ಲೈತಿ?"

"ಬಳ್ಳಾರಿಗೆ ಹೋಗೈತಿ."

"ಅಯ್ಯಯ್ಯೋ! ಈ ಎಣ್ಣಿ ಏನ್ ಮಾಡ್ಲಬೇ ನಾನು? ಶನಿಮಾತ್ಮಗ ಅಂತ ತಗದಿದ್ದನ್ನ ಹೊಳ್ಳಿ ಮನಿಗೆ ಒಯ್ಯಬಾರ್ದು!"

ನಾನು ಮೊರ ಪಕ್ಕಕ್ಕೆ ಇಟ್ಟೆ. ಕಾಲು ಚಾಚಿದೆ. ಎರಡೂ ಮೊಣಕಾಲು 'ಕಿರ್' ಎಂದವು.

"ಯಾಕ ಒಯ್ತಿ? ಇಲ್ಲಿ ಹಚ್ಚಬೇ. ದೇವ್ರಿಗೇ ಮುಟ್ತೈತಿ!"